ಬರಿಗಾಲ ಹರಕೆ

ಗಂಡನ ಪಾದಗಳ ಮೇಲೆ ಅಡ್ಡಡ್ಡ ಎರಡು ಬಿಳಿ ಪಟ್ಟೆ. ಶಿವಕುಮಾರಿಯ ಕೈಯಲ್ಲಿದ್ದ ತಂಬಿಗೆ ಅಲ್ಲೇ ನಿಂತಿತು.

ಸೋಮವಾರ ಸೋಮವಾರ ಆ ಪಾದಗಳಿಗೆ ನೀರು ಹಾಕುವುದು ಅವಳದೇ ನೇಮ. ಒಂದೂವರೆ ವರ್ಷದ ಹಿಂದೆ ಅವಳ ಎದೆಯಲ್ಲಿ ಗಂಟು ಕಂಡ ದಿನ, ಪಂಪಾಪತಿ ತುರ್ವಿಹಾಳದ ಬಸವಣ್ಣನ ಗುಡಿ ಮುಂದೆ ಚಪ್ಪಲಿ ಬಿಟ್ಟು ಬಂದಿದ್ದ. "ನೀ ಆರಾಮ ಆಗೋತನಕ ಮೆಟ್ಟಂಗಿಲ್ಲ" ಎಂದಿದ್ದ. ಆಪರೇಷನ್ ಆಯಿತು, ಕೂದಲು ಉದುರಿತು, ಉಂಡದ್ದೆಲ್ಲ ವಾಂತಿಯಾಯಿತು. ಸಾಕಪ್ಪ ಸಾಕು ಅನಿಸಿದಾಗೆಲ್ಲ ಅವಳು ನೆನೆದದ್ದು ಸುಡುವ ಡಾಂಬರಿನ ಮೇಲೆ ನಡೆಯುವ ಈ ಪಾದಗಳನ್ನು. ಕಲ್ಲು ತಾಗಿ ಬೆರಳು ಒಡೆದರೂ ಅವನು ಹರಕೆ ಬಿಟ್ಟಿರಲಿಲ್ಲ. ಆಮೇಲೆ ಚಹಾಕ್ಕೆ ಸಕ್ಕರೆಯನ್ನೂ ಬಿಟ್ಟ. "ಅದೂ ನನ್ನ ಸಲುವಾಗೇನ್ರಿ?" ಎಂದು ಕೇಳಿದರೆ ನಕ್ಕಿದ್ದ.

ಬರಿಗಾಲು ಬಿಸಿಲಿಗೆ ಒಂದೇ ಸಮ ಕರಿಯಾಗಬೇಕು. ಪಟ್ಟೆ ಎಲ್ಲಿಂದ ಬಂತು? ಅವಳು ನೀರು ಹಾಕಿದಳು.

ಕೈಚೀಲ ಹಿಡಿದು ಅವನು ಬರಿಗಾಲಲ್ಲೇ ಸಿಂಧನೂರಿನ ಬಸ್ ಹತ್ತಿದ. ಮುಂದಿನ ಬಸ್ಸಿಗೆ ಅವಳೂ ಹೊರಟಳು. ಹೊಸ್ತಿಲಲ್ಲಿ ಅತ್ತೆ ಸಂಗಮ್ಮ ಎದುರಾದಳು. ಗದ್ದೆಯಿಂದ ಬಂದವಳು, ಸಾರಿಸಿದ ನೆಲದ ತುಂಬ ಕೆಸರುಗಾಲಿನ ಗುರುತು ಮೂಡಿಸಿದ್ದಳು.

"ಚಪ್ಪಲ್ ತಂದುಕೊಟ್ಟೀನಲ್ರಿ ಅತ್ತಿ, ಮೆಟ್ಟಾಕ ಏನಾಗೈತಿ?"

"ನನಗ ಆಗಿ ಬರಂಗಿಲ್ಲವ್ವ."

ಸೊಸೆ ತಂದದ್ದು ಈ ಮನೆಯಲ್ಲಿ ಯಾವುದು ಆಗಿಬಂದಿದೆ? ಮುದುಕಿಯ ಹಳೆಯ ಚಪ್ಪಲಿ ಹರಿದಿರಬೇಕೆಂದು ದೀಪಾವಳಿಗೆ ಲಿಂಗಸುಗೂರಿನಿಂದ ಹೊಸದು ತಂದಿದ್ದಳು. ಅದು ಅಂಗಡಿಯ ಕಾಗದ ಸಮೇತ ಮೂಲೆಯಲ್ಲಿತ್ತು. ಮದುವೆಯಾದಾಗಿನಿಂದ ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ.

ಪಂಪಾಪತಿ ಕೆಲಸ ಮಾಡುವ ರೈಸ್ ಮಿಲ್ಲಿನ ಎದುರಿಗೇ ಚಹಾದಂಗಡಿ. ಅವನು ಬೆಂಚಿನ ಮೇಲೆ ಕುಳಿತಿದ್ದ. ಕಾಲಲ್ಲಿ ಮೆತ್ತನೆಯ ಅಟ್ಟೆಯ, ಎರಡು ಪಟ್ಟಿಯ ಚಪ್ಪಲಿ. ಸವೆದಿತ್ತು. ನಿನ್ನೆ ಮೊನ್ನೆಯದಲ್ಲ.

"ಯಾವಾಗಿಂದ ರೀ?"

ಅವನು ಕಾಲುಗಳನ್ನು ಬೆಂಚಿನ ಕೆಳಗೆ ಎಳೆದುಕೊಂಡ. "ದೀಪಾವಳಿ ಮುಂದ... ಮನಿಗೆ ನಡಿ, ಹೇಳ್ತೀನಿ."

"ಏನ್ ಹೇಳ್ತೀರಿ? ಆ ಹರಕಿ ಮ್ಯಾಲ ನನ್ನ ಜೀವ ಹಿಡಕೊಂಡಿದ್ನಿ. ಸತ್ರ ಸಾಯಲಿ ಅಂತ ಬಿಟ್ರೇನು?"

ಅವಳು ತಿರುಗಿ ಊರ ಬಸ್ ಹತ್ತಿದಳು. ಐದು ತಿಂಗಳು! ಪ್ರತಿ ಸೋಮವಾರ ಸುಳ್ಳು ಪಾದಗಳಿಗೆ ನೀರು ಹಾಕಿ ಕಣ್ಣಿಗೊತ್ತಿಕೊಂಡಿದ್ದಳು. ದೇವರಿಗೇ ಮೋಸ ಮಾಡಿದವನಿಗೆ ಹೆಂಡತಿ ಯಾವ ಲೆಕ್ಕ? ಮನೆಗೆ ಬಂದವಳೇ ಆಸ್ಪತ್ರೆಯ ಫೈಲನ್ನು ಮೂಲೆಗೆ ಎಸೆದಳು. ನಾಳೆ ಕೊನೆಯ ಇಂಜೆಕ್ಷನ್ ಇತ್ತು.

ಹಿಂದೆಯೇ ಬಂದ ಪಂಪಾಪತಿ ಫೈಲು ಎತ್ತಿಕೊಂಡ.

"ನಾ ಬರಂಗಿಲ್ಲ. ಯಾರನ್ನ ನಂಬಿ ಬರ್ಲಿ?" ಎಂದಳು.

ಅವನು ಅವಳ ಮುಂದೆ ನೆಲದ ಮೇಲೆ ಕುಳಿತ. "ಕಲ್ಲು ತಾಗಿತ್ತಲ್ಲ, ಆ ಗಾಯ ಮಾಯಲೇ ಇಲ್ಲ. ತೋರಿಸಿದ್ರ ಸಕ್ಕರಿ ಕಾಯಿಲಿ ಅಂದ್ರು. ಬರಿಗಾಲಲ್ಲಿ ತಿರುಗಿದ್ರ ಪಾದಾನೇ ತೆಗೀಬೇಕಾಗತೈತಿ ಅಂದ್ರು. ನಿನಗ ಹೇಳಿದ್ರ ಎದಿ ಒಡಕೋತಿ ಅಂತ..."

ಅವಳ ಸಿಟ್ಟು ಅರ್ಧ ಇಳಿಯಿತು. ಭಯ ಇಳಿಯಲಿಲ್ಲ. "ಹಂಗಾರ ನನ್ನ ಸಲುವಾಗಿ ಹೊತ್ತ ಹರಕಿ ಮುರದಂಗಾತು."

"ಮುರದಿಲ್ಲ. ಒಂದು ದಿನಾನೂ ಮುರದಿಲ್ಲ. ಅವತ್ತೇ ಬಸವಣ್ಣನ ಮುಂದ ಇನ್ನೊಬ್ರು ಹೊತ್ಕೊಂಡಾರ. ನಿನಗ ಹೇಳಬಾರದು ಅಂತ ನನ್ನ ಕಡೆ ಆಣಿ ಮಾಡಿಸ್ಯಾರ."

"ಯಾರು?"

ಅವನು ಬಾಗಿಲ ಕಡೆ ನೋಡಿದ. ಹೊರಗೆ ಕಟ್ಟೆಯ ಮೇಲೆ ಸಂಗಮ್ಮ ಕುಳಿತು, ಒಡೆದ ಅಂಗಾಲಿನಲ್ಲಿ ಮುರಿದುಕೊಂಡ ಜಾಲಿಮುಳ್ಳನ್ನು ಪಿನ್ನಿನಿಂದ ಕೀಳುತ್ತಿದ್ದಳು.