ಕೂಗದ ಕುಕ್ಕರ್

“ಮಿಸ್, ಇವತ್ತು ನಮ್ಮ ಸ್ಕೂಲ್ ಕುಕ್ಕರ್ ಕೂಗ್ಲೇ ಇಲ್ವಲ್ಲ!”

ಪೂಜಿತಾ ಎದ್ದು ನಿಂತು ಹೀಗೆಂದಾಗ ಎಂಟನೇ ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ವಿದ್ಯಾಶ್ರೀಗೂ ನಗು ಬಂತು. ಅವಳು ವಿಜ್ಞಾನದಲ್ಲಿ ಒತ್ತಡದ ಪಾಠ ಹಿಡಿದಿದ್ದಳು. ಬೋರ್ಡಿನ ಮೇಲೆ ಕುಂಬಳಕಾಯಿಯಂಥ ಒಂದು ಕುಕ್ಕರ್ ಬರೆದು, ಮುಚ್ಚಿದ ಪಾತ್ರೆಯಲ್ಲಿ ಆವಿ ತುಂಬಿದ ಹಾಗೆಲ್ಲ ಒತ್ತಡ ಏರುತ್ತದೆ, ಒತ್ತಡ ಏರಿದರೆ ನೀರು ನೂರು ಡಿಗ್ರಿ ದಾಟಿದ ಮೇಲೆ ಕುದಿಯುತ್ತದೆ, ಅದಕ್ಕೇ ಬೇಳೆ ಬೇಗ ಬೇಯುತ್ತದೆ ಎಂದು ಹೇಳಿ ಮುಗಿಸಿದ್ದಳಷ್ಟೇ. ವಿಷಲ್ ಇರುವುದು ಬೇಳೆ ಬೆಂದಿತೆಂದು ಊರಿಗೆಲ್ಲ ಸಾರುವುದಕ್ಕಲ್ಲ. ಹೆಚ್ಚಾದ ಆವಿ ಹೊರಗೆ ಹೋಗಲಿ ಎಂದು. ಹೋಗಲು ದಾರಿಯೇ ಇಲ್ಲದಿದ್ದರೆ ಏನಾಗುತ್ತದೆ ಎಂದು ಕೇಳಿದ್ದಳು. ಅದಕ್ಕೆ ಈ ಹುಡುಗಿಯ ಉತ್ತರ ಇದು.

ವಿದ್ಯಾಶ್ರೀಯ ನಗು ಅರ್ಧಕ್ಕೇ ನಿಂತಿತು. ಗೋಡೆಯ ಆಚೆಗೇ ಬಿಸಿಯೂಟದ ಅಡುಗೆಮನೆ. ಒಲೆಯ ಭುಸುಗುಡುವ ಸದ್ದು ಕೇಳುತ್ತಿತ್ತು. ಕುಕ್ಕರಿನದು ಮಾತ್ರ ಉಸಿರೇ ಇಲ್ಲ. ಅವಳು ಸೀಮೆಸುಣ್ಣವನ್ನು ಕೈಯಲ್ಲಿ ಹಿಡಿದುಕೊಂಡೇ ಓಡಿದಳು.

ಅಡುಗೆಮನೆಯ ಕಟ್ಟೆಯ ಮೇಲೆ ಒಂದನೇ ತರಗತಿಯ ಮಕ್ಕಳು ತಟ್ಟೆ ತೊಳೆದುಕೊಂಡು ಆಗಲೇ ಬಂದು ಕೂತಿದ್ದವು. ಒಳಗೆ ಆ ದೊಡ್ಡ ಕುಕ್ಕರಿನ ವಿಷಲ್‌ಗೆ ಒದ್ದೆ ಗೋಣಿಚೀಲದ ತುಂಡು ಹೊದಿಸಿ, ಅದರ ಮೇಲೆ ಬೆಳ್ಳುಳ್ಳಿ ಜಜ್ಜುವ ಕಲ್ಲು ಹೇರಲಾಗಿತ್ತು. ಸೇಫ್ಟಿ ವಾಲ್ವ್ ಇರಬೇಕಾದ ಜಾಗದಲ್ಲಿ ಒಂದು ಬೋಲ್ಟ್. ವಾಲ್ವ್ ಸೋರುತ್ತದೆಂದು ಒಯ್ದಾಗ ರಿಪೇರಿಯವನು ಜಡಿದು ಕೊಟ್ಟಿದ್ದ. ಮುಚ್ಚಳದ ಅಂಚಿನಿಂದ ಆವಿ ಸಣ್ಣಗೆ ಚೀರುತ್ತಿತ್ತು. ಅಡುಗೆಯ ಕರಿಬಸಮ್ಮ ಸೆರಗಿನಿಂದ ಕೈ ಮುಚ್ಚಿಕೊಂಡು ಕಲ್ಲಿನ ಕಡೆ ಬಾಗಿದ್ದಳು.

“ಮುಟ್ಬೇಡ ಮಾರಾಯ್ತಿ!”

ಕರಿಬಸಮ್ಮ ಬೆಚ್ಚಿ ತಿರುಗಿದಳು. “ಯಾಕ್ ಮೇಡಂ? ಆಗ್ಲಿಂದ ಉರಿ ದೊಡ್ಡದು ಮಾಡಿಟ್ಟಿದೀನಿ. ಕಲ್ಲು ತೆಗ್ದುಬಿಡೋಣ ಅಂತ...”

“ಬೇಡ! ಆವಿ ಒಂದೇ ಸಲ ಮುಖಕ್ಕೆ ನುಗ್ಗುತ್ತೆ. ಹೊರಗೆ ನಡೀರಿ. ಮೊದ್ಲು ಹೊರಗೆ! ಪೂಜಿತಾ, ಈ ಮಕ್ಕಳನ್ನ ಗ್ರೌಂಡಿನ ಆ ಕೊನೆಗೆ ಕರ್ಕೊಂಡು ಹೋಗು. ನಿಮ್ಮ ಕ್ಲಾಸಿನವರೂ ಹೋಗ್ಲಿ, ಎಲ್ರೂ!”

ಹಿಂದೆಯೇ ಓಡಿ ಬಂದಿದ್ದ ಪೂಜಿತಾ ಏನೂ ಕೇಳದೆ ಚಿಕ್ಕವರ ಕೈ ಹಿಡಿದು ಎಳೆದಳು. ವಿದ್ಯಾಶ್ರೀ ಕರಿಬಸಮ್ಮನ ತೋಳು ಹಿಡಿದು ಬಾಗಿಲಾಚೆ ನೂಕಿ, ತಾನು ಒಲೆಯ ಕಡೆ ನಡೆದಳು. ತಲೆ ಬಗ್ಗಿಸಿ, ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು ಗ್ಯಾಸಿನ ನಾಬ್ ತಡಕಿದಳು. ಬೆವೆತ ಕೈಗೆ ಅದು ಜಾರಿತು. ಒಮ್ಮೆ, ಇನ್ನೊಮ್ಮೆ. ಸೆರಗು ಸುತ್ತಿ ತಿರುಗಿಸಿದಾಗ ಉರಿ ಆರಿತು. ಒಳಗೆ ಕುದಿಯುವುದು ಮಾತ್ರ ನಿಲ್ಲಲಿಲ್ಲ. ಅವಳು ಹೊರಗೆ ಬಂದು ಬಿದ್ದಳು.

ಕಾಯುವುದೊಂದೇ ಉಳಿದಿತ್ತು. ಗ್ರೌಂಡಿನ ಕೊನೆಯ ಕಾಂಪೌಂಡಿಗೆ ಒರಗಿ ಅವಳೂ ಕರಿಬಸಮ್ಮನೂ ಅಡುಗೆಮನೆಯ ಬಾಗಿಲನ್ನೇ ನೋಡುತ್ತಾ ನಿಂತರು. ಊಟದ ಬೆಲ್ ಹೊಡೆದರೂ ತಟ್ಟೆಯ ಸದ್ದಿಲ್ಲ. ಆ ಚೀರಾಟ ಸಣ್ಣದಾಗುತ್ತಾ ಆಗುತ್ತಾ ಎಷ್ಟೋ ಹೊತ್ತಿಗೆ ಅಡಗಿತು. ಹೋದ ಜೀವ ಬಂದಂತಾಯಿತು ವಿದ್ಯಾಶ್ರೀಗೆ. ಅದರ ಬೆನ್ನಿಗೇ ಸಿಟ್ಟು ನೆತ್ತಿಗೇರಿತು.

“ಏನಮ್ಮಾ, ತಲೆ ನೆಟ್ಟಗಿದೆಯಾ ನಿಮ್ಗೆ? ಸಿಡಿದಿದ್ರೆ ನಿಮ್ಮ ಮುಖ ಉಳೀತಿತ್ತಾ? ಆ ಕಟ್ಟೆ ಮೇಲಿದ್ದ ಮಕ್ಕಳು? ವಿಷಲ್ ಮೇಲೆ ಯಾರಾದ್ರೂ ಕಲ್ಲಿಡ್ತಾರಾ?”

ಕರಿಬಸಮ್ಮನ ತುಟಿ ಬಿಳಿಚಿಕೊಂಡಿತ್ತು. “ನೀವೇ ಅಲ್ವಾ ಮೇಡಂ, ನಿನ್ನೆ ಕಿಟಕಿ ಹತ್ರ ಬಂದು ಹೇಳಿದ್ದು? ನಿಮ್ಮ ಕುಕ್ಕರ್ ಗಲಾಟೇಲಿ ಪಾಠ ಮಾಡೋಕಾಗಲ್ಲ, ನಾಳೆಯಿಂದ ಸದ್ದು ಕೇಳ್ಬಾರ್ದು ಅಂತ.”

ಹೌದು, ಹೇಳಿದ್ದಳು. ಹೇಳಿದ ಧಾಟಿಯೂ ನೆನಪಿಗೆ ಬಂತು. ಅವಮಾನದಿಂದ ವಿದ್ಯಾಶ್ರೀಯ ಕಿವಿ ಬಿಸಿಯಾಯಿತು. ಆದರೂ ಮಾತು ಬಿಟ್ಟುಕೊಡಲು ಮನಸ್ಸಾಗಲಿಲ್ಲ.

“ಹಾಗಂತ... ವಿಷಲ್ ಯಾಕಿರುತ್ತೆ ಅಂತ ಅಷ್ಟೂ ಗೊತ್ತಾಗಲ್ವಾ? ಈಗ ತಾನೇ ಅದನ್ನೇ ಹೇಳ್ತಿದ್ದೆ. ಗೋಡೆ ಆಚೆ ನಿಮ್ಗೂ ಕೇಳಿಸ್ತಿತ್ತಲ್ಲ!”

“ಕೇಳಿಸ್ತಿತ್ತು ಮೇಡಂ. ಅದಕ್ಕೇ ಕಲ್ಲು ತೆಗೆಯೋಕೆ ಹೊರಟಿದ್ದೆ,” ಎಂದಳು ಕರಿಬಸಮ್ಮ. “ಆದ್ರೆ ಅದು ಮಕ್ಕಳಿಗೆ ಹೇಳಿದ್ದು. ನೀವಿಲ್ಲಿಗೆ ಬಂದು ಎರಡು ವರ್ಷ ಆಯ್ತು, ನಂಗೆ ಅಂತ ಹೇಳಿದ್ದು ಸದ್ದು ಮಾಡ್ಬೇಡ ಅನ್ನೋದೊಂದೇ.”