ಮುಚ್ಚಳದ ಮೇಲೆ ಸೊಸೆ

ಸೊಸೆ ನೆಲದಡಿಯ ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತೇಬಿಟ್ಟಳು. ದಪ್ಪ ಪೈಪನ್ನು ಹೆಗಲಿಗೇರಿಸಿಕೊಂಡು ಬಂದ ಟ್ಯಾಂಕರ್ ಡ್ರೈವರ್ ಕಕ್ಕಾಬಿಕ್ಕಿಯಾದ. ಟ್ಯಾಂಕರಿನ ಮೈಯಲ್ಲಿ ಹುಟ್ಟುವ ವಿದ್ಯುತ್ತನ್ನು ನೆಲಕ್ಕಿಳಿಸುವ ತಂತಿ ತುಂಡಾಗಿ ನೇತಾಡುತ್ತಿತ್ತು.

“ಏಳಮ್ಮ, ಗಾಡಿಗಳು ರಸ್ತೆವರೆಗೂ ನಿಂತಿವೆ,” ಎಂದರು ಮಾವ. ಬಂಕ್ ಅವರದ್ದು. “ಇಷ್ಟು ವರ್ಷದಲ್ಲಿ ಏನಾದ್ರೂ ಆಗಿದೆಯಾ?”

“ಆಗಿದ್ರೆ ಕೇಳೋಕೆ ನೀವೂ ಇರ್ತಿರಲಿಲ್ಲ, ಹೇಳೋಕೆ ನಾನೂ ಇರ್ತಿರಲಿಲ್ಲ, ಮಾವ.”

ಡ್ರೈವರ್ ಕಿಸಕ್ಕನೆ ನಕ್ಕ. “ಯಜಮಾನ್ರು ನೀವೋ, ಇವರೋ ಸಾರ್?” ಮಾವನ ಮುಖ ಕೆಂಪೇರಿತು. “ಎಲ್ಲರ ಮುಂದೆ ನನ್ನ ಮರ್ಯಾದೆ ಕಳೀತಿದ್ದೀಯ,” ಎಂದು ಹಲ್ಲು ಕಚ್ಚಿ ಹೇಳಿದರು.

“ಹೋದ್ರೆ ಹೋಗ್ಲಿ ಬಿಡಿ. ಬೆಳಿಗ್ಗೆ ಕಾರಿನ ಬಾಗಿಲು ಮುಟ್ಟಿದಾಗ ಚಟ್ ಅಂತ ಶಾಕ್ ಹೊಡೆದು ಕೈ ಎಳ್ಕೊಂಡ್ರಲ್ಲ, ಅದೇ ಕಿಡಿ ಇದು. ಇಲ್ಲಿ ಪೆಟ್ರೋಲ್ ಆವಿ ಮಧ್ಯೆ ಹಾರಿದ್ರೆ ಕೈ ಎಳ್ಕೊಳ್ಳೋಕೂ ಪುರುಸೊತ್ತು ಸಿಗಲ್ಲ. ಬೇರೆ ತಂತಿ ತರಿಸಿ. ಇಲ್ಲಾಂದ್ರೆ ನನ್ನನ್ನ ಎತ್ತಿ ಆಚೆ ಹಾಕಿ, ಮತ್ತೆ ಬಂದು ಇಲ್ಲೇ ಕೂರ್ತೀನಿ.”

ಮಾವ ಬೆರಳ ತುದಿಯನ್ನು ಮೆಲ್ಲಗೆ ಉಜ್ಜಿಕೊಂಡರು. ಹಾರ್ನ್‌ಗಳು ಒಂದೇ ಸಮನೆ ಕಿರುಚುತ್ತಿದ್ದವು. ಅವರು ಡ್ರೈವರನ್ನು ತಂತಿ ತರಲು ಅಟ್ಟಿ, ತಾವೇ ಹೋಗಿ ಬಂಕಿನೊಳಗೆ ಬರುವ ದಾರಿಗೆ ಅಡ್ಡವಾಗಿ ಸರಪಳಿ ಎಳೆದು ಕಟ್ಟಿದರು.

“ಪೆಟ್ರೋಲ್ ಇಲ್ಲ.”

“ಅಷ್ಟು ದೊಡ್ಡ ಟ್ಯಾಂಕರ್ ನಿಂತಿದೆಯಲ್ಲ ಸಾರ್?” ಎಂದ ಬೈಕಿನವನೊಬ್ಬ.

“ನಿಂತಿದೆ,” ಎಂದರು ಮಾವ. “ನನ್ನ ಸೊಸೆ ಏಳೋವರೆಗೂ ನಿಂತೇ ಇರುತ್ತೆ.”