ಉಚ್ಚೆಂಗೆಪ್ಪನ ಎರಡು ಬೆರಳು

“ಕಿವಿ ಕೇಳದವನ ಕೈಯಾಗ ದನಿ ರಿಪೇರಿಗೆ ಕೊಡೂದೇನು? ನಿನಗ ತಲಿ ಕೆಟ್ಟೈತಿ!” ಎಂದು ದುರುಗಪ್ಪ ಬ್ರೂಸ್‌ಪೇಟೆಯ ರೇಡಿಯೋ ಅಂಗಡಿಯ ಮೆಟ್ಟಿಲಲ್ಲೇ ನಿಂತುಬಿಟ್ಟ. ಹೆಂಡತಿ ಸಾವಂತ್ರಮ್ಮ ವಾದಕ್ಕೆ ಇಳಿಯಲಿಲ್ಲ. ಇಳಿಯಲು ಅವಳಿಗೆ ದನಿಯಾದರೂ ಎಲ್ಲಿತ್ತು? ಗಂಡನ ಕಂಕುಳಲ್ಲಿದ್ದ ತಗಡಿನ ಡಬ್ಬಿಯನ್ನು ಮೈಕು, ಸ್ಪೀಕರಿನ ಸಮೇತ ಕಸಿದುಕೊಂಡು ಸೀದಾ ಒಳಗೆ ಹೋದಳು.

ಗಂಟಲಲ್ಲಿ ಗಂಟು ಎದ್ದಿದೆ, ಕೂಗಿದರೆ ಇರುವ ದನಿಯೂ ಹೋದೀತು ಎಂದು ಡಾಕ್ಟರು ಎಚ್ಚರಿಸಿದ್ದರು. ಕುರುಗೋಡಿನ ಹತ್ತಿರದ ಹಳ್ಳಿಶಾಲೆಯಲ್ಲಿ ಅವಳ ಎದುರು ಅರವತ್ತು ಮಕ್ಕಳು. ಸೋಮವಾರವೂ ಪಾಠ ಕೇಳಿಸದಿದ್ದರೆ ಟೀಚರ್ ಕೆಲಸ ಬೇರೆಯವರಿಗೆ ಎಂದು ಹೆಡ್‌ಮಾಸ್ತರರು ಮುಖಕ್ಕೆ ಹೊಡೆದಂತೆ ಹೇಳಿದ್ದರು. ದುರುಗಪ್ಪ ಲಾರಿ ಎಲೆಕ್ಟ್ರಿಷಿಯನ್. ಹೆಂಡತಿಯ ಕಣ್ಣೀರು ನೋಡಲಾರದೆ, ಪತ್ರಿಕೆಯೊಂದರ ನಕ್ಷೆ ಮುಂದಿಟ್ಟುಕೊಂಡು, ದನಿ ಹೆಚ್ಚಿಸುವ ಆಪ್-ಆಂಪ್ ಎಂಬ ಎಂಟು ಕಾಲಿನ ಐಸಿ, ಎರಡು ಬ್ಯಾಟರಿ ತಂದು, ತಾನೇ ಬೆಸುಗೆ ಹಾಕಿ ಆ ತಗಡಿನ ಡಬ್ಬಿಯೊಳಗೆ ಆಂಪ್ಲಿಫೈಯರ್ ಮಾಡಿದ್ದ. ಪುಣ್ಯಾತ್ಮ, ಮಾಡಿದ್ದೇನೋ ಮಾಡಿದ. ಅದರಿಂದ ಹೊರಟ ಅವಳ ಮಾತು ಮಾತ್ರ ಹರಿದ ತಮಟೆಯಂತೆ ಗೊರಗೊರ ಅನ್ನುತ್ತಿತ್ತು. ಎರಡು ಸಲ ಐಸಿ ಬದಲಿಸಿದ, ಹತ್ತು ಸಲ ಸ್ಪೀಕರಿಗೆ ಬೈದ. ಗೊರಗೊರ ಜಪ್ಪಯ್ಯ ಅಂದರೂ ಹೋಗಲಿಲ್ಲ.

ಅಂಗಡಿಯ ಉಚ್ಚೆಂಗೆಪ್ಪನಿಗೆ ಅರವತ್ತು ದಾಟಿತ್ತು. ಕಿವಿ ಪೂರ್ತಿ ಹೋಗಿ ಆರು ವರ್ಷ. ಗಿರಾಕಿಗಳ ತುಟಿ ನೋಡಿಯೇ ವ್ಯಾಪಾರ. ಸಾವಂತ್ರಮ್ಮ ತುಟಿಯಾಡಿಸಿ ತನ್ನ ಕಷ್ಟವನ್ನೂ ಡಬ್ಬಿ ಗಂಡನೇ ಮಾಡಿದ್ದೆಂಬುದನ್ನೂ ಹೇಳಿಕೊಂಡಳು. ಅವನು ಡಬ್ಬಿಯನ್ನು ತೆರೆಯಲೂ ಇಲ್ಲ. ಸ್ಪೀಕರನ್ನು ಅಂಗಾತ ಮಲಗಿಸಿ, ದನಿಗೆ ಅದುರುವ ಅದರ ಕಾಗದದ ಮೇಲೆ ಎರಡು ಬೆರಳನ್ನು ಸೋಕಿಯೂ ಸೋಕದಂತೆ ಇಟ್ಟು ಕಣ್ಣು ಮುಚ್ಚಿದ.

“ಮೈಕಿನ್ಯಾಗ ಮಾತಾಡವ್ವಾ.”

ಅವಳು ಮೂರರ ಮಗ್ಗಿ ಶುರು ಮಾಡಿದಳು. ಹನ್ನೆರಡಕ್ಕೆ ಬರುವಷ್ಟರಲ್ಲಿ ಮುದುಕ ಕಣ್ಣು ತೆರೆದ.

“ಕಾಗದ ಮುಂದ ಬರ್ತೈತಿ, ಹಿಂದ ಹೋಗವಲ್ದು. ಅರ್ಧ ದನಿ ಒಳಗ ಸಾಯಾಕತ್ತೈತಿ. ತಮ್ಮಾ, ಎರಡೂ ಬ್ಯಾಟರಿ ಮೈನಸ್ ಎಲ್ಲಿ ಕೊಟ್ಟಿ?”

ದುರುಗಪ್ಪ ಮೆಟ್ಟಿಲು ಬಿಟ್ಟು ಒಳಗೆ ಅವನ ಎದುರು ಬಂದು ನಿಂತ. “ಡಬ್ಬಿ ಮೈಗೆ ಕೊಟ್ಟೀನ್ರಿ. ನಕ್ಷಿಯೊಳಗ ಅರ್ತ್ ಅಂತಿತ್ತು. ಲಾರಿಯೊಳಗ ಅರ್ತ್ ಅಂದ್ರ ಮೈನಸ್ಸೇ ಅಲ್ಲೇನ್ರಿ?”

ಉಚ್ಚೆಂಗೆಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. “ಇದು ಲಾರಿ ಅಲ್ಲಲೇ ತಮ್ಮಾ! ಒಂದು ಬ್ಯಾಟರಿ ಪ್ಲಸ್ಸು, ಇನ್ನೊಂದರ ಮೈನಸ್ಸು ಕೂಡಿಸಬೇಕು. ಆ ನಡು ಜಾಗಾನ ಡಬ್ಬಿಗೆ ಕೊಡಬೇಕು. ಆಗ ದನಿ ಮ್ಯಾಲೂ ಹೋಗ್ತೈತಿ, ಕೆಳಗೂ ಇಳೀತೈತಿ.”

ನಗುತ್ತಲೇ ಡಬ್ಬಿ ಬಿಚ್ಚಿ, ಎರಡು ವೈರು ಕಿತ್ತು, ಹೇಳಿದಂತೆಯೇ ಬೆಸೆದ. ಒಂದು ಬೀಡಿ ಸೇದುವಷ್ಟು ಹೊತ್ತೂ ಹಿಡಿಯಲಿಲ್ಲ. ದುರುಗಪ್ಪ ಬಾಯಿ ತೆರೆದುಕೊಂಡು ಆ ಕೈಯನ್ನೇ ನೋಡುತ್ತಿದ್ದ. ಸಾವಂತ್ರಮ್ಮನ ಎದೆ ತುಂಬಿ ಬಂತು. ವಾರವೆಲ್ಲ ತಾವಿಬ್ಬರೂ ಕಿವಿ ಹಚ್ಚಿ ಕೂತರೂ ಸಿಗದ್ದು ಈ ಮನುಷ್ಯನ ಬೆರಳ ತುದಿಗೆ ಸಿಕ್ಕಿತ್ತು! ಎಂಥಾ ಕೈ ಅಪ್ಪಾ ಇದು!

“ಸಾಲಿಯೊಳಗ ಮೊದಲ ಏನ್ ಹೇಳ್ತೀಯೋ ಅದನ್ನ ಹೇಳು,” ಎಂದ ಮುದುಕ.

ಅವಳು ಮೆಲ್ಲಗೆ ಹಾಜರಿ ಕರೆದಳು. “ಗಾದೆಪ್ಪ... ಗಿಡ್ಡಮ್ಮ... ಅಂಜಿನಪ್ಪ...” ಒಂದಿಷ್ಟೂ ಗೊರಗೊರ ಇಲ್ಲದೆ ತನ್ನದೇ ಮೆಲುದನಿ ದೊಡ್ಡದಾಗಿ ಹೊರಬಂದಾಗ ಅವಳ ಮೈ ಜುಮ್ಮೆಂದಿತು.

ಓಣಿಯ ಬಂಡಿ, ಸೈಕಲ್ಲು, ಹಮಾಲರ ಗದ್ದಲದೊಳಗಿಂದ ಯಾರೋ ಕೂಗಿದರು: “ಅಂಜಿನಪ್ಪ ಇಲ್ಲೇ ಅದೀನ್ರೀ! ಯಾರ್ರೀ ಕರದೋರು?”

ಉಚ್ಚೆಂಗೆಪ್ಪನಿಗೆ ಅದು ಕೇಳಿಸಲಿಲ್ಲ. “ಹೆಂಗೈತವ್ವಾ? ಒಂದೀಟು ದೂರಕ್ಕರ ಕೇಳೀತೇನು?” ಎಂದು ಕೇಳಿದ.

ಸಾವಂತ್ರಮ್ಮ ಅಳುತ್ತ ನಗುತ್ತ ಅವನ ಕೈ ಹಿಡಿದು ಬಾಗಿಲ ಕಡೆ ತಿರುಗಿಸಿದಳು. ಬೆನ್ನ ಮೇಲೆ ಅಕ್ಕಿಮೂಟೆ ಹೊತ್ತ ಹಮಾಲನೊಬ್ಬ ಬೆವರು ಒರೆಸಿಕೊಳ್ಳುತ್ತ, ಕರೆದವರು ಯಾರೆಂದು ಒಳಗೆ ಇಣುಕುತ್ತಿದ್ದ.